ಆಷಾಢಕ್ಕೆ ನನ್ನ ಬದಲು

ಸಂಗೊಳ್ಳಿ
19 ಜೂನ್ 2003

ಪ್ರೀತಿಯ ಅಮ್ಮಾ,

ನಾನು ಟೀಚರ್ ಆಗಿಬಿಟ್ಟೆ, ನಿಜವಾದ ಇಂಗ್ಲಿಷ್ ಟೀಚರ್. ಕಾಗದ ತಡವಾಯಿತೆಂದು ಬೈಯಬೇಡ, ಕೂತಲ್ಲಿ ಕೂರಲು ಆಗುತ್ತಿಲ್ಲ ನನಗೆ. ಇಲ್ಲಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವರೇ ಇರಲಿಲ್ಲ. ಹೇಗೂ ನಪಾಸಾಗುತ್ತಾರೆಂದು ಏಳನೇ ಕ್ಲಾಸಿಗೇ ಹುಡುಗಿಯರನ್ನು ಬಿಡಿಸುತ್ತಿದ್ದರು. ಹೆಡ್‌ಮಾಸ್ತರರು ಬಂದು ಕೇಳಿದಾಗ ನನಗಿಂತ ಮೊದಲು ಅತ್ತೆಯೇ ಹೂಂ ಅಂದರು. ಮನೆಮನೆಗೆ ಹೋಗಿ ಹುಡುಗಿಯರನ್ನು ಹೊರಡಿಸಿದವರೂ ಅವರೇ. ನಮ್ಮ ಹೊಲದ ಕೆಲಸಕ್ಕೆ ಬರುವ ಉಳವಪ್ಪನ ಮಗಳು ರಾಣಿಯಂತೂ ಸಂಜೆಗೂ ನನಗೆ ‘ಗುಡ್ ಮಾರ್ನಿಂಗ್’ ಹೇಳುತ್ತಾಳೆ.

ಅಷ್ಟರಲ್ಲಿ ಆಷಾಢ ಹತ್ತಿರ ಬಂತಲ್ಲ. ಆಗ ಅತ್ತೆಯೂ ಹೊಸ ಸೊಸೆಯೂ ಒಂದೇ ಹೊಸ್ತಿಲು ದಾಟಬಾರದು, ಆ ತಿಂಗಳಿಡೀ ನಾನು ನಿನ್ನ ಹತ್ತಿರ ಇರಬೇಕು. ನೀನು ಕಾಯುತ್ತಿರುವುದೂ ಗೊತ್ತು. ನಿನ್ನೆ ಉಳವಪ್ಪ ಬಂದು ಕಟ್ಟೆಯ ಮೇಲೆ ಕೂತ.

“ಅವ್ವಾರ, ನಿಮ್ಮ ಸೊಸಿ ಊರಾಗ ಇದ್ರಷ್ಟ ರಾಣಿ ಸಾಲಿಗೆ. ಅವರು ಹ್ವಾದ್ರ ಆಕಿ ಹೊಲಕ್ಕ ಬರ್ತಾಳ, ಕಸಾ ತಗ್ಯಾಕ. ಒಮ್ಮೆ ಬಿಟ್ಲಂದ್ರ ಬಿಟ್ಲು ನೋಡ್ರಿ.”

“ಆಕಿ ಹೋಗೂದಿಲ್ಲಪಾ,” ಎಂದರು ಅತ್ತೆ.

“ಮತ್ತ ಆಷಾಢರೀ?”

“ಇಬ್ಬರೂ ಕೂಡಿ ಇರಬಾರದು, ಹೌದಿಲ್ಲೊ? ಒಬ್ಬಾಕಿ ಹ್ವಾದ್ರ ಆತು. ನಾನ ನನ್ನ ತವರಿಗೆ ಹೋಗ್ತೇನಿ.”

ಮಾವ “ತವರಿಗಾ?” ಎಂದರು.

“ಹೂಂ. ನೀವು ರೊಟ್ಟಿ ಬಡಿಯೂದು ಕಲೀರಿ,” ಎಂದರು ಅತ್ತೆ. ಉಳವಪ್ಪ ಬಿದ್ದು ಬಿದ್ದು ನಕ್ಕ. ಮಾವ ಮಾತ್ರ ನಗಲಿಲ್ಲ.

ಅಮ್ಮಾ, ಇಂಥ ಅತ್ತೆ ಯಾರಿಗಿದ್ದಾರೆ ಹೇಳು. ನಿನ್ನನ್ನು ನೋಡಬೇಕೆಂದು ಅಳುವೂ ಬರುತ್ತಿದೆ, ನಾಳೆಯ ಪಾಠ ನೆನೆದು ಕುಣಿಯುವಂತೆಯೂ ಆಗುತ್ತಿದೆ. ಸಿಟ್ಟಿನಲ್ಲೇ ಆದರೂ ಆಶೀರ್ವಾದ ಮಾಡು. ಅಪ್ಪನಿಗೆ ನಮಸ್ಕಾರ.

ನಿನ್ನ
ನಾಗರತ್ನಾ

ತಾ.ಕ.: ಮೇಲಿನದನ್ನು ಬರೆದು ಎದ್ದೆ. ಒಳಗೆ ಅತ್ತೆ ಸೀರೆಗಳನ್ನು ಚೀಲಕ್ಕೆ ತುಂಬುತ್ತಿದ್ದರು, ತೆಗೆಯುತ್ತಿದ್ದರು, ಮತ್ತೆ ತುಂಬುತ್ತಿದ್ದರು. ಯಾವ ಬಸ್ಸಿಗೆ ಹೋಗುತ್ತೀರಿ ಎಂದು ಕೇಳಿದೆ. ಅವರ ತವರು ದೇಗಾಂವ. ಅಣ್ಣ ತೀರಿದ ಮೇಲೆ ಅಲ್ಲಿಂದ ಯಾರೂ ಅವರನ್ನು ನಾಗರ ಪಂಚಮಿ ಹಬ್ಬಕ್ಕೂ ಕರೆದಿಲ್ಲವಂತೆ. “ಕರೀದ ಮನಿಗೆ ಹೆಂಗ ಹೋಗ್ಲೆವ್ವಾ? ಆ ಹುಡಿಗ್ಯಾರ ಸಲುವಾಗಿ ಬಾಯಿಗೆ ಬಂದದ್ದು ಅಂದ್ಬಿಟ್ಟೆ,” ಎಂದರು.

ನೀನು ಕರೆದಿದ್ದೀಯ ಎಂದು ಹೇಳಿಬಿಟ್ಟೆ, ಅಮ್ಮಾ. ಮಗಳಿಗಾಗಿ ಹಾಸಿಟ್ಟ ಹಾಸಿಗೆಯನ್ನು ಅವರಿಗೆ ಕೊಡು, ದೇಗಾಂವದ ಮಾತು ತೆಗೆಯಬೇಡ. ನಮ್ಮ ಯಜಮಾನರು ಧಾರವಾಡದಲ್ಲಿ ರೈಲು ಹತ್ತಿಸುತ್ತಾರೆ. ನೀನೇ ಬೆಂಗಳೂರು ಸ್ಟೇಷನ್ನಿಗೆ ಹೋಗು. 28ನೇ ತಾರೀಕು ಶನಿವಾರ ಬೆಳಿಗ್ಗೆ, ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿಗೆ ಬರುತ್ತಾರೆ.