ನೇರಳೆತುದಿಯ ಒಂದು ಕವಲು ಕೊಟ್ಟುಬಿಡಿ

ಕಡಲೇರು ಶಕೆ ಇನ್ನೂರ ಹನ್ನೊಂದು, ಎರಡನೆಯ ಬೇಸಿಗೆ, ಬಹುಳ ಹದಿನಾರು
ಮೇಲ್ಕುಂದಾಪುರ, ತೊಟ್ಟಿಕೋಣೆಯಿಂದ

ಪೂಜ್ಯರಾದ ಲೋಲಾಕ್ಷಮ್ಮನವರಿಗೆ, ನಿಮ್ಮ ಮಗಳ ಸಂತತಿಯಲ್ಲಿ ಬಹಳ ಕೆಳಗೆ ಹುಟ್ಟಿದ ಜಲಜ ಮಾಡುವ ನಮಸ್ಕಾರಗಳು.

ಬಹುಳ ಹದಿನಾರು ಎಂಬುದನ್ನು ಕಂಡು ನೀವು ನಕ್ಕರೆ ತಪ್ಪೇನಿಲ್ಲ. ನಿಮ್ಮ ಪಂಚಾಂಗದಲ್ಲಿ ಅಮಾವಾಸ್ಯೆಗೆ ಪಕ್ಷ ಮುಗಿದುಹೋಗುತ್ತದೆ. ನಮ್ಮಲ್ಲಿ ವರ್ಷಕ್ಕೊಂದು ದಿನವನ್ನು ಯಾವ ಪಕ್ಷಕ್ಕೂ ಸೇರಿಸದೆ ಹೊರಗಿಡುತ್ತಾರೆ. ಅದಕ್ಕೆ ಹೊರದಿನ ಎಂದು ಹೆಸರು. ಹಿಂದಿನ ಕಾಲದವರಿಗೆ ಓಲೆ ಬರೆಯಲು ಅವಕಾಶವಿರುವುದು ಅಂದು ಮಾತ್ರ. ಅಂಥ ಓಲೆಯನ್ನು ಹಿಂದೋಲೆ ಎನ್ನುತ್ತೇವೆ. ಒಬ್ಬರಿಗೆ ಬದುಕಿನಲ್ಲಿ ಒಂದೇ ಹಿಂದೋಲೆ. ನನ್ನ ಪಾಲಿನದನ್ನು ನಿಮಗೆ ಬರೆಯುತ್ತಿದ್ದೇನೆ. ನಿಮ್ಮ ಕಾಲದ ಬರಹದ ಕನ್ನಡವನ್ನು ನಾನು ಶಾಲೆಯಲ್ಲಿ ಕಷ್ಟಪಟ್ಟು ಕಲಿತವಳು, ಅಲ್ಲಲ್ಲಿ ಮಾತು ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಬೇಕು. ನಿಮ್ಮನ್ನು ಅಜ್ಜಿ ಎಂದು ಕರೆಯುವ ಆಸೆಯಿತ್ತು. ಆದರೆ ಈ ಓಲೆ ಮುಟ್ಟುವಾಗ ನಿಮಗೆ ನನಗಿಂತ ಚಿಕ್ಕ ವಯಸ್ಸು. ಅಜ್ಜಿ ಎಂದರೆ ಅಲ್ಲಿಗೇ ಮಡಚಿಡುತ್ತೀರೋ ಏನೋ ಎಂದು ಹೆದರಿ ಲೋಲಾಕ್ಷಮ್ಮ ಎಂದೇ ಬರೆದಿದ್ದೇನೆ.

ಸುತ್ತಿ ಬಳಸಿ ಹೇಳಲು ಹೊತ್ತಿಲ್ಲ. ನಿಮ್ಮ ಹಾಲ್‌ನ ಗೋಡೆಗೆ ತಾಗಿ ಒಂದು ಗಾಜಿನ ತೊಟ್ಟಿಯಿದೆ. ನೀವು ಅಕ್ವೇರಿಯಂ ಎನ್ನುತ್ತೀರಿ. ಅದರಲ್ಲಿ ಕವಲೊಡೆದ ಒಂದು ಕಲ್ಲುಹವಳವಿದೆ, ಮೈಯೆಲ್ಲ ತಿಳಿಹಸಿರು, ತುದಿ ಮಾತ್ರ ನೇರಳೆ. ಕಡಲಿನಿಂದ ಕಿತ್ತು ತಂದದ್ದಲ್ಲ, ತೊಟ್ಟಿಯಲ್ಲೇ ಬೆಳೆದದ್ದರ ತುಂಡನ್ನು ನೀವು ಕಾಗದಪತ್ರ ಸಮೇತ ತರಿಸಿಕೊಂಡಿರಂತೆ. ಅದರ ಜೊತೆ ತಂದವೆಲ್ಲ ಬೆಳ್ಳಗಾಗಿ ಸತ್ತು ಇದೊಂದೇ ಉಳಿಯಿತಂತೆ. ನಿಮ್ಮ ಮಗಳು, ಅವಳ ಮಗಳು, ಹೀಗೆ ಕೈಯಿಂದ ಕೈಗೆ ಬಂದ ಅದನ್ನು ನಾವು ನೇರಳೆತುದಿ ಎಂದು ಕರೆಯುತ್ತೇವೆ. ಇಡೀ ಕರಾವಳಿಯಲ್ಲಿ ಅದು ಇರುವುದು ನಮ್ಮ ಮನೆಯಲ್ಲಿ ಮಾತ್ರ. ಈಗ ಅದು ಸಾಯುತ್ತಿದೆ. ಉಳಿದಿರುವುದು ಕಿರುಬೆರಳ ಉಗುರಿನಷ್ಟು ಒಂದು ತುಂಡು. ಅದು ನನ್ನ ಎದುರು ಬಟ್ಟಲಲ್ಲಿದೆ, ಅದನ್ನು ನೋಡುತ್ತಲೇ ಬರೆಯುತ್ತಿದ್ದೇನೆ.

ಒಂದು ಹವಳಕ್ಕೆ ಇಷ್ಟು ಗಾಬರಿಯೇ ಎಂದು ನಿಮಗನಿಸಬಹುದು. ನಮ್ಮ ಕಡಲಲ್ಲಿ ಹವಳ ಉಳಿದಿಲ್ಲ, ಲೋಲಾಕ್ಷಮ್ಮ. ನೀರು ಕಾದು ಎಲ್ಲವೂ ಬೆಳ್ಳಗಾಗಿ, ಆಮೇಲೆ ಪಾಚಿ ಹಿಡಿದು ಹೋದವು. ಉಳಿದದ್ದು ಮನೆಗಳ ತೊಟ್ಟಿಗಳಲ್ಲಿ. ಮಳೆಗಾಲ ಮುಗಿದು ಕಡಲು ಶಾಂತವಾದ ಕೂಡಲೇ ನಾಟಿದೋಣಿ ಹೊರಡುತ್ತದೆ. ಅದರ ಜನ ಮನೆಮನೆಯಿಂದ ಒಂದೊಂದು ಕವಲು ಪಡೆದು ನೇತ್ರಾಣಿ ದ್ವೀಪದ ಸುತ್ತ ಕಲ್ಲಿಗೆ ಅಂಟಿಸಿ ಬರುತ್ತಾರೆ. ಮುಂದಿನ ಬೇಸಿಗೆಗೆ ಮುಕ್ಕಾಲು ಪಾಲು ಸಾಯುತ್ತವೆ, ಮತ್ತೆ ಅಂಟಿಸುತ್ತಾರೆ. ಹಿಂದೊಮ್ಮೆ ಬೇಸಿಗೆಯಲ್ಲಿ ನೀರನ್ನು ತಣ್ಣಗಿಡುವ ತಂಪುಗೊಳವೆ ಒಡೆದು ಕೇರಿಯ ತೊಟ್ಟಿಗಳೆಲ್ಲ ಬಿಸಿಯಾದಾಗ ಎಲ್ಲರ ಮನೆಯಲ್ಲೂ ಹವಳ ಸತ್ತಿತು. ನಮ್ಮ ನೇರಳೆತುದಿ ಮಾತ್ರ ಬಣ್ಣ ಸಹ ಕಳೆದುಕೊಳ್ಳಲಿಲ್ಲ. ಅಂದಿನಿಂದ ನಾಟಿದೋಣಿಯವರು ಪ್ರತಿ ವರ್ಷ ನಮ್ಮ ಬಾಗಿಲಲ್ಲಿ ನಿಂತು ಕೇಳುತ್ತಾರೆ, ಚಹಾ ಕುಡಿದು, ಇದೊಂದು ಮಾತ್ರ ಸಿಗದೆ ಹೋಗುತ್ತಾರೆ. ಈ ಬಿಸಿಯೇರುವ ಕಡಲಲ್ಲಿ ಬದುಕಬಲ್ಲ ಹವಳ ಯಾವುದಾದರೂ ಇದ್ದರೆ ಅದು ಇದೇ ಎಂದು ನನಗೆ ಗಟ್ಟಿಯಾಗಿ ಅನಿಸುತ್ತದೆ.

ನಮ್ಮ ಮನೆಗಳಲ್ಲಿ ಬೆಳಗಿನ ಮೊದಲ ಕೆಲಸ ತೊಟ್ಟಿಯ ನೀರನ್ನು ಮೂಸಿ ನೋಡುವುದು. ಬಳೆ ತೆಗೆದು, ಸೋಪು ಮುಟ್ಟದೆ, ಮೊಣಕೈವರೆಗೆ ಬರಿನೀರಲ್ಲಿ ತೊಳೆದುಕೊಂಡ ಕೈ ಮಾತ್ರ ಒಳಗಿಳಿಯಬೇಕು. ತಲೆಗೆ ಎಣ್ಣೆ ಹಚ್ಚಿದ ದಿನ ತೊಟ್ಟಿಕೋಣೆಗೆ ಪ್ರವೇಶವಿಲ್ಲ. ಹೆಣ್ಣು ನೋಡಲು ಬಂದವರು ಹೆಣ್ಣಿನ ಮುಖಕ್ಕಿಂತ ಮೊದಲು ತೊಟ್ಟಿಯ ಗಾಜು ನೋಡುತ್ತಾರೆ. ಪಾಚಿ ಕಂಡರೆ ಉಪ್ಪಿಟ್ಟು ತಿಂದು ಎದ್ದು ಹೋಗುತ್ತಾರೆ. ಹೊಸ ತುಂಡಿಗೆ ಕೆಲವು ವಾರ ಬೆಳಕಿನ ಪಥ್ಯ ನಡೆಸುತ್ತೇವೆ. ಜ್ವರದಿಂದ ಎದ್ದವರಿಗೆ ಮೊದಲು ಗಂಜಿ ತಿಳಿ, ಆಮೇಲೆ ಗಂಜಿ, ಆಮೇಲೆ ಅನ್ನ ಕೊಟ್ಟ ಹಾಗೆ ದೀಪವನ್ನು ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪ ಏರಿಸುವುದು. ಉಪ್ಪುನೀರು ಕೇರಿಗಡಲಿನಿಂದ ಬರುತ್ತದೆ. ಅದು ಕೇರಿಯ ತುದಿಯಲ್ಲಿರುವ ಎಲ್ಲರ ಪಾಲಿನ ದೊಡ್ಡ ತೊಟ್ಟಿ. ಹವಳಕ್ಕೆ ತನ್ನ ಎಲುಬು ಕಟ್ಟಿಕೊಳ್ಳಲು ಸುಣ್ಣ ಬೇಕಲ್ಲ, ಆ ಸುಣ್ಣದ ತಿಳಿನೀರನ್ನು ದಿನಾ ಅಳತೆಯಿಂದ ಎರೆಯುವುದಕ್ಕೆ ಬಡಿಸುವುದು ಎನ್ನುತ್ತೇವೆ. ಪ್ರತಿ ಮನೆಯಲ್ಲೂ ಬಡಿಸುವ ಕೈ ಒಂದೇ. ಇಬ್ಬರು ಬಡಿಸಿದರೆ ಒಬ್ಬರು ಎರೆದದ್ದು ತಿಳಿಯದೆ ಇನ್ನೊಬ್ಬರೂ ಎರೆದುಬಿಡುತ್ತಾರೆಂದು ಈ ಕಟ್ಟುನಿಟ್ಟು. ನಮ್ಮ ಮನೆಯಲ್ಲಿ ಆ ಕೈ ನನ್ನ ತಾಯಿಯ ಅಕ್ಕ ಗುಲಾಬಿ ದೊಡ್ಡಮ್ಮನದು. ತಾಯಿ ಹೋದ ಮೇಲೆ ನನ್ನನ್ನು ಸಾಕಿದವರೂ ಅವರೇ.

ನಿಮ್ಮ ಹೆಸರಿನಲ್ಲಿ ವರ್ಷಕ್ಕೊಂದು ದಿನ ನಾವು ಎಲೆ ಹಾಕುತ್ತೇವೆ. ಅದು ಯಾವ ದಿನವೆಂದು ನಿಮಗೆ ಹೇಳುವುದು ಚೆನ್ನಾಗಿರುವುದಿಲ್ಲ. ಅಂದು ಊಟಕ್ಕೆ ಕೂತವರು ಸಾಕು ಸಾಕು ಎಂದು ಎಲೆಗೆ ಕೈ ಅಡ್ಡ ಹಿಡಿದರೂ ಇನ್ನೊಂದು ಸೌಟು ಬಿದ್ದೇ ಬೀಳುತ್ತದೆ. ಮನೆಯವರಿಗೆಲ್ಲ ಎರಡು ಸಲ ಬಡಿಸಿ ಲೋಲಾಕ್ಷಮ್ಮನ ಹವಳಕ್ಕೆ ಒಂದೇ ಸಲವೇ ಎಂದು ಅದಕ್ಕೂ ಅಂದು ಎರಡು ಅಳತೆ ಸುಣ್ಣ. ಹಿಂದೆ ತೊಟ್ಟಿಯ ತುಂಬ ಬೇರೆ ಜಾತಿಯ ಹವಳಗಳಿದ್ದವು, ಅವೂ ಉಂಡು ಹಂಚಿಕೊಳ್ಳುತ್ತಿದ್ದವು. ಈಗ ಅವೆಲ್ಲ ನಾಟಿದೋಣಿಗೆ ಹೋಗಿವೆ, ಕೆಲವು ಸತ್ತಿವೆ. ಈ ವರ್ಷ ದೊಡ್ಡಮ್ಮ ಅದೇ ಎರಡು ಅಳತೆಯನ್ನು ಒಂಟಿ ಹವಳದ ಮೇಲೆ ಸುರಿದರು. ಕೈ ಅಡ್ಡ ಹಿಡಿಯಲು ಪಾಪ ಅದಕ್ಕೆ ಕೈಯಿಲ್ಲ.

ಮರುದಿನ ಅದು ಬಾಯಿ ತೆರೆಯಲಿಲ್ಲ. ಕವಲಿನ ಮೈತುಂಬ ಇರುವ ಸಣ್ಣ ಸಣ್ಣ ಬಾಯಿಗಳನ್ನು ನೀವೂ ನೋಡಿದ್ದೀರಿ, ಸುಖವಾಗಿದ್ದಾಗ ಅದು ನವಿರು ಕೂದಲಿನ ಹಾಗೆ ಅವನ್ನು ಹೊರಚಾಚಿರುತ್ತದೆ. ಅದರ ಮರುದಿನ ಬುಡದಲ್ಲಿ ಬಿಳಿ ಉಂಗುರ ಕಂಡಿತು. ಇದಕ್ಕೆ ಸುಲಿ ಎಂದು ಹೆಸರು: ಹವಳದ ಮಾಂಸ ಬುಡದಿಂದ ಮೇಲಕ್ಕೆ ಸುಲಿದು ಹೋಗಿ ಬರೀ ಎಲುಬು ಉಳಿಯುತ್ತದೆ. ಸುಲಿ ಹತ್ತಿದ ಮೇಲೆ ಇರುವ ದಾರಿ ಒಂದೇ. ಅದು ಏರುವ ಮೊದಲು ಮೇಲಿನ ಜೀವಂತ ಕವಲುಗಳನ್ನು ಕತ್ತರಿಸಿ ಬೇರೆ ಬೇರೆ ಮನೆಯ ನೀರಿಗೆ ಹಂಚಬೇಕು. ನಾನು ಕತ್ತರಿಸುವ ಇಕ್ಕಳ ಹಿಡಿದು ದೊಡ್ಡಮ್ಮನ ಮುಂದೆ ನಿಂತೆ.

“ದೊಡ್ಡಮ್ಮ, ಬುಡ ಬೆಳ್ಳಗಾಯ್ತ್ ಕಾಣಿ. ನಾಳಿಗೆ ಕವ್ಲೂ ಹೋತ್. ಈಗ್ಳೇ ನಾಲ್ಕ್ ಮನಿಗ್ ಕೊಡುವ” ಎಂದೆ.

“ಕತ್ರಿ ಮುಟ್ಸ್‌ಬೇಡ ಹೆಣೆ. ಇದ್ ಹೊಸ್ಲ್ ದಾಟೂದಿಲ್ಲೆ. ಲೋಲಾಕ್ಷಮ್ಮ ಕೊಡದಿದ್ದದ್ ನಾವ್ ಕೊಡೂದಾ?”

ಈ ಮಾತು ಎಲ್ಲಿಂದ ಬಂತೆಂದು ನಿಮಗೆ ಹೇಳಲೇಬೇಕು. ನಿಮ್ಮ ದಿನದ ಊಟ ಮುಗಿದು ಎಲೆ ತೆಗೆದ ಮೇಲೆ ನಮ್ಮಲ್ಲಿ ಒಂದು ಕಥೆ ಹೇಳುವ ರೂಢಿಯಿದೆ. ಎದುರು ಮನೆಯ ಫ್ಲೋಸಿ ಬಾಯಿ ನಿಮ್ಮಲ್ಲಿಗೆ ಬಂದು, ತಾನೂ ಒಂದು ತೊಟ್ಟಿ ಇಟ್ಟಿದ್ದೇನೆ, ನೇರಳೆತುದಿಯ ಒಂದು ಕವಲು ಕೊಡಿ ಎಂದು ಕೇಳಿದರಂತೆ. ಕತ್ತರಿಸಿದರೆ ಸತ್ತೀತೆಂದೂ ದೃಷ್ಟಿ ತಾಗೀತೆಂದೂ ನೀವು ಎದ್ದು ಹೋಗಿ ತೊಟ್ಟಿಗೆ ಪರದೆ ಎಳೆದಿರಂತೆ. ಇದನ್ನು ನಾವು ದೊಡ್ಡ ಶೌರ್ಯವೆಂಬ ಹಾಗೆ ಹೇಳುತ್ತೇವೆ. ನೀವು ಪರದೆ ಎಳೆದ ಬಗೆಯನ್ನು ಮಕ್ಕಳು ಅಭಿನಯಿಸಿ ತೋರಿಸುತ್ತಾರೆ, ದೊಡ್ಡವರು ಬಿದ್ದು ಬಿದ್ದು ನಗುತ್ತಾರೆ. ನಾನೂ ನಕ್ಕಿದ್ದೇನೆ.

ಸುಲಿ ಮೊದಲ ಕವಲಿಗೇರಿತು. ದೊಡ್ಡಮ್ಮ ತೊಟ್ಟಿಗೆ ಪರದೆ ಎಳೆದು ಅದರೊಳಗೆ ಕುರ್ಚಿ ಹಾಕಿ ಕೂತರು, ಊಟಕ್ಕೆ ಕರೆದರೂ ಬರಲಿಲ್ಲ. ಹೊರಗೆ ನಿಂತು ನಾನು ಅಳುತ್ತಾ ಬೇಡಿದೆ, ಕೊನೆಗೆ ಬಾಯಿಗೆ ಬಂದಂತೆ ಬೈದೂಬಿಟ್ಟೆ. ಸುಲಿ ನಡುಕವಲನ್ನು ದಾಟಿದ ಮೇಲೆ ಅವರೇ ಪರದೆ ಸರಿಸಿ ಇಕ್ಕಳ ಕೇಳಿದರು. ಕತ್ತರಿಸಿದ್ದು ಅವರೇ. ಆದರೆ ತುಂಡುಗಳನ್ನು ಹೊರಗೆ ಕಳಿಸಲು ಒಪ್ಪಲಿಲ್ಲ, ಅದೇ ತೊಟ್ಟಿಯ ಇನ್ನೊಂದು ಮೂಲೆಗೆ ಅಂಟಿಸಿದರು. ಕೆಟ್ಟ ನೀರು ಅದೇ ಅಲ್ಲವೇ? ಒಂದೊಂದೇ ತುಂಡು ಸುಲಿಯುತ್ತಾ ಬಂತು. ಕೊನೆಯದಕ್ಕೆ ಸುಲಿ ಹತ್ತುವ ಮೊದಲು ನಾನು ಯಾರನ್ನೂ ಕೇಳದೆ ಅದನ್ನು ಎತ್ತಿ, ಕೇರಿಗಡಲಿನ ಹೊಸ ನೀರು ತುಂಬಿದ ಬಟ್ಟಲಿಗೆ ಹಾಕಿದೆ. ದೊಡ್ಡಮ್ಮ ನೋಡಿದರು, ತಡೆಯಲಿಲ್ಲ.

ಈಗ ಬಟ್ಟಲಿನ ಮೇಲೆ ಬಗ್ಗಿ ನೋಡಿದೆ. ಬಾಯಿ ತೆರೆದಿಲ್ಲ. ಬುಡದ ಒಂದು ಬದಿ ಮಸುಕಾಗಿದೆ, ಅದು ನೆರಳೋ ಸುಲಿಯೋ ತಿಳಿಯುತ್ತಿಲ್ಲ.

ನಾನು ಹಿಂದೋಲೆ ಬರೆಯಲು ಕೂತಾಗ ದೊಡ್ಡಮ್ಮ ಪಕ್ಕಕ್ಕೆ ಬಂದು ಕೂತರು. ಯಾರಿಗೆ ಎಂದು ಕೇಳಿದರು. ನಿಮಗೆ ಎಂದೆ. ಅವರ ಮುಖ ಕಪ್ಪಿಟ್ಟಿತು. ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹೇಳಿದರು: “ನಾನೂ ಅವ್ರಿಗೇ ಬರ್ದದ್ ಮಗಾ. ಸಣ್ಣ ಪ್ರಾಯ ನಂಗೆ. ‘ಯಾರ್ ಕೇಂಡ್ರೂ ಕೊಡ್ಬೇಡಿ’ ಅಂದೇಳಿ ನಾನೇ ಬರ್ದದ್.”

ನಮ್ಮ ಮನೆಯ ಹೆಮ್ಮೆ ಹೀಗೇ ಉಳಿಯಲಿ ಎಂದು ಅವರು ಹುಡುಗಿಯಾಗಿದ್ದಾಗ ತಮ್ಮ ಒಂದೇ ಒಂದು ಹಿಂದೋಲೆಯನ್ನು ಅದಕ್ಕೆ ಖರ್ಚು ಮಾಡಿದ್ದರು. ಲೋಲಾಕ್ಷಮ್ಮ, ಆ ಓಲೆ ನಿಮಗೆ ಈಗಾಗಲೇ ಮುಟ್ಟಿರಬಹುದು. ಗುಲಾಬಿ ಎಂಬ ಹೆಸರಿನಲ್ಲಿ, ದುಂಡಗಿನ ಅಕ್ಷರದಲ್ಲಿ, ನಿಮ್ಮನ್ನು ಹೊಗಳಿ ಬರೆದ ಓಲೆ. ನೀವು ಫ್ಲೋಸಿ ಬಾಯಿಗೆ ಇಲ್ಲವೆನ್ನಲು ಅದೇ ಕಾರಣವಾಗಿತ್ತೋ, ನಿಮಗೇ ಮನಸ್ಸಿರಲಿಲ್ಲವೋ, ನಾನರಿಯೆ. ಕಾರಣ ಯಾವುದಾದರೂ ಆಗಲಿ, ಆ ಓಲೆಯನ್ನು ನಂಬಬೇಡಿ. ಅದನ್ನು ಬರೆದವರೇ ನನ್ನ ಪಕ್ಕದಲ್ಲಿ ಕೂತು, ಹರಿದು ಒಲೆಗೆ ಹಾಕಲು ಹೇಳು ಎನ್ನುತ್ತಿದ್ದಾರೆ.

ನನ್ನ ಲೆಕ್ಕ ಸರಿಯಾಗಿದ್ದರೆ ಫ್ಲೋಸಿ ಬಾಯಿ ಇನ್ನೂ ನಿಮ್ಮನ್ನು ಕೇಳಿಲ್ಲ. ಕೇಳುವವರೆಗೆ ಕಾಯಬೇಡಿ, ನೀವೇ ಕರೆಯಿರಿ. ತುದಿಯಿಂದ ಎರಡು ಬೆರಳಿನಷ್ಟು ಕೆಳಗೆ, ಹರಿತವಾದ ಇಕ್ಕಳದಿಂದ ಒಂದೇ ಸಲಕ್ಕೆ ಕತ್ತರಿಸಿ. ಹೆದರಬೇಡಿ, ಗಾಯ ಮಾಯುತ್ತದೆ, ಕತ್ತರಿಸಿದ ಕಡೆ ಎರಡು ಕವಲು ಚಿಗುರುತ್ತವೆ. ಅವರ ತೊಟ್ಟಿಯ ನೀರಿಗೆ ನಿಧಾನವಾಗಿ ಒಗ್ಗಿಸಿ, ದೀಪ ಮೊದಲಿಗೆ ಮಂದವಿರಲಿ. ಅವರಿಗೆ ಕೊಟ್ಟ ಮೇಲೆ ಇನ್ನೊಬ್ಬರಿಗೂ ಕೊಡಿ. ಕವಲು ಪಡೆದವರೆಲ್ಲರಿಂದ ಒಂದು ಮಾತು ತೆಗೆದುಕೊಳ್ಳಿ: ಅವರೂ ಕೊಡಬೇಕು. ನಿಮ್ಮ ಮನೆಯದು ಸತ್ತ ದಿನ ನಿಮಗೆ ವಾಪಸು ತಂದುಕೊಡಲು ಆಗ ಯಾರಾದರೂ ಒಬ್ಬರು ಇರುತ್ತಾರೆ.

ಬರೆಯುವುದು ನಿಲ್ಲಿಸಿ ನೋಡಿದೆ. ನೆರಳಲ್ಲ. ನೇರಳೆ ಬಣ್ಣದ ಕೆಳಗೆ ಮಾಂಸ ದಾರದ ಹಾಗೆ ಬಿಡಿಸಿಕೊಂಡು ನೀರಿನಲ್ಲಿ ತೇಲುತ್ತಿದೆ. ಇನ್ನು ಉಳಿಯುವುದಿಲ್ಲ. ಹೇಳಬಾರದೆಂದಿದ್ದೆ, ಆದರೂ ಹೇಳುತ್ತೇನೆ, ನನಗೆ ನಿಮ್ಮ ಮೇಲೆ ತುಂಬ ಸಿಟ್ಟು ಬರುತ್ತಿದೆ. ದೊಡ್ಡಮ್ಮನ ಮೇಲೂ. ಇಬ್ಬರೂ ಅದನ್ನು ಪ್ರಾಣಕ್ಕಿಂತ ಹೆಚ್ಚಾಗಿ ನೋಡಿಕೊಂಡಿರಿ ಎಂಬುದೂ ನನಗೆ ಗೊತ್ತು.

ಫ್ಲೋಸಿ ಬಾಯಿಯ ಮನೆತನದವರು ನಮ್ಮ ಕೇರಿಯ ತುದಿಯಲ್ಲೇ ಇದ್ದಾರೆ. ಈಗ ಮನೆ ನಡೆಸುವವರು ಐರಿನ್ ಬಾಯಿ. ಅವರ ಮನೆಗೂ ನಮ್ಮ ಮನೆಗೂ ತಲೆಮಾರುಗಳಿಂದ ಮಾತಿಲ್ಲ. ಅವರ ತೊಟ್ಟಿಯಲ್ಲಿ ನೇರಳೆತುದಿ ಇಲ್ಲ, ನನಗೆ ಗೊತ್ತಿರುವ ಮಟ್ಟಿಗೆ ಎಂದೂ ಇರಲಿಲ್ಲ. ಆದರೆ ಹಿಂದೋಲೆ ಮುಟ್ಟಿ ನಿಮ್ಮ ಕಾಲದಲ್ಲಿ ಏನಾದರೂ ಬದಲಾದರೆ, ಅದು ಮೊದಲಿನಿಂದಲೂ ಹಾಗೇ ಇತ್ತೆಂದೇ ನಮಗೆ ನೆನಪಿರುತ್ತದಂತೆ. ಬದಲಾದದ್ದು ನನ್ನ ತಲೆಗೆ ತಿಳಿಯುವುದಿಲ್ಲ. ಹೋಗಿ ನೋಡುವುದೊಂದೇ ಉಳಿದಿರುವ ದಾರಿ.

ಈ ಓಲೆಯನ್ನು ಕಳಿಸಿದ ಮರುಗಳಿಗೆಯಲ್ಲೇ ಹೊರಡುತ್ತೇನೆ. ಒಬ್ಬಳೇ ಹೋಗುವುದೆಂದಿದ್ದೆ. ತಲೆ ಎತ್ತಿ ನೋಡಿದರೆ ಗುಲಾಬಿ ದೊಡ್ಡಮ್ಮ ಚಪ್ಪಲಿ ಮೆಟ್ಟಿಕೊಂಡು, ಮುಚ್ಚಳದ ಡಬ್ಬಿಯೊಂದಕ್ಕೆ ಉಪ್ಪುನೀರು ತುಂಬಿಸಿ ಹಿಡಿದು ಅಂಗಳದಲ್ಲಿ ನಿಂತಿದ್ದಾರೆ. “ಐರಿನ್ ಬಾಯಿ ಹತ್ರ ಕವ್ಲ್ ಕೇಂಬುದ್ ನಾನ್. ನೀ ಮಾತಾಡ್ಬೇಡ” ಎನ್ನುತ್ತಿದ್ದಾರೆ.

ಕೊಟ್ಟಿದ್ದೀರಿ ತಾನೇ, ಲೋಲಾಕ್ಷಮ್ಮ?

ಇಂತು ನಿಮ್ಮ
ಜಲಜ