ಕುರಿ ಬಾರದ ಮೂರು ದಿನ

6 ಜನವರಿ 1999, ಬುಧವಾರ

ಬೆಳಿಗ್ಗೆ 8ಕ್ಕೆ ಮಾರುತೇಶನಿಂದ ಚಾರ್ಜ್ ತೆಗೆದುಕೊಂಡೆ. ಕೀಲಿ, ಬಾವುಟ, ರಿಜಿಸ್ಟರ್. ರಾತ್ರಿ ಹನ್ನೆರಡು ಗಂಟೆ ಅವನು, ಹಗಲು ಹನ್ನೆರಡು ಗಂಟೆ ನಾನು. ಡ್ಯೂಟಿ ಮುಗಿಯುವುದು ರಾತ್ರಿ 8ಕ್ಕೆ. ಮೊಳಕಾಲ್ಮೂರಿನ ಕಡೇ ಬಸ್ಸು 6.30ಕ್ಕೆ. ಹೆಂಡತಿ ಗೀತಾ, ಮಗು ಅಲ್ಲಿ. ನಾನು ವಾರಕ್ಕೊಮ್ಮೆ ಹೋಗುವ ನೆಂಟ.

ನಮ್ಮ ರೈಲ್ವೆ ಗೇಟು ಸದಾ ಹಾಕಿರಬೇಕು. ಯಾರಾದರೂ ಬಂದರೆ ಸ್ಟೇಷನ್ನಿಗೆ ಫೋನು, ಅವರು ಕೊಟ್ಟ ಒಪ್ಪಿಗೆ ನಂಬರು ಬರೆದು, ಗೇಟು ತೆಗೆದು, ಬಿಟ್ಟು, ಹಾಕಿ, ಮತ್ತೆ ಫೋನು. ಒಂದು ಹಿಂಡು ಕುರಿ ದಾಟುವಷ್ಟರಲ್ಲಿ ಕಾಲು ಗಂಟೆ. ದಿನಕ್ಕೆ ಇಪ್ಪತ್ತೈದು ಹಿಂಡಿಗೆ ಕಡಿಮೆ ಇಲ್ಲ. ಮೇಲಿನವರ ಕಾಗದದಲ್ಲಿ ಮಾತ್ರ ನಮ್ಮದು ‘ಹಗುರ ಕೆಲಸ’.

9 ಜನವರಿ, ಶನಿವಾರ

ಚಳ್ಳಕೆರೆಯಿಂದ ಯೂನಿಯನ್ನಿನ ಜಂಬುಲಿಂಗಪ್ಪ ಬಂದಿದ್ದರು.

“ಮೂರು ದಿನ ಒಬ್ರು ಸಾಹೇಬ್ರು ನಿನ್ ಪಕ್ಕದಾಗೆ ಕುಂತು ಕೆಲ್ಸ ಎಣಿಸ್ತಾರೆ ಕಣೋ. ಅರ್ಧಕ್ಕಿಂತ ಜಾಸ್ತಿ ಹೊತ್ತು ಕೆಲ್ಸ ಕಂಡ್ರೆ ಎಂಟು ಗಂಟೆ ಡ್ಯೂಟಿ. ಮೂರನೇ ಆಳು ಕೊಡ್ತಾರೆ. ಇಲ್ಲಾಂದ್ರೆ ಹಿಂಗೇ.”

ಎಂಟು ಗಂಟೆ ಎಂದರೆ 4ಕ್ಕೆ ಬಿಡುಗಡೆ. ದಿನಾ ಮನೆ. ಖುಷಿ ತಡೆಯಲಿಲ್ಲ. ಸಂಜೆ ಕುರಿ ಹೊಡೆದುಕೊಂಡು ಬಂದ ದೊಡ್ಡೀರಪ್ಪನಿಗೂ ಹೇಳಿದೆ — 18ರಿಂದ ಮೂರು ದಿನ ಸಾಹೇಬರು ಬಂದು ಕೂರುತ್ತಾರೆ, ನನ್ನ ಕೆಲಸ ನೋಡುತ್ತಾರೆ ಎಂದು. ಹಟ್ಟಿಯ ಹಿರಿಯ. ಹನ್ನೆರಡು ವರ್ಷದಿಂದ ಇದೇ ಗೇಟು ದಾಟುವವನು.

“ಆತೇಳಪ್ಪ, ನಾವಿದೀವಲ್ಲ” ಅಂದ.

18 ಜನವರಿ, ಸೋಮವಾರ

ಸಾಹೇಬರು ಬಂದರು. ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟುಕೊಂಡರು. ಇಡೀ ದಿನ ಎರಡು ಟ್ರಾಕ್ಟರ್, ಒಂದು ಎತ್ತಿನ ಗಾಡಿ. ಒಂದು ಕುರಿಯೂ ಇಲ್ಲ.

19 ಜನವರಿ

ಇವತ್ತೂ ಇಲ್ಲ. ಹತ್ತು ಸಲ ಹೊರಗೆ ಹೋಗಿ ದಾರಿ ನೋಡಿದೆ. ಸಾಹೇಬರು ಪೇಪರ್ ಓದಿ ಮುಗಿಸಿ, “ಒಳ್ಳೇ ಆರಾಮದ ಜಾಗ ಕಣ್ರೀ ನಿಮ್ದು” ಅಂದರು. ಕುರಿ ಬರುತ್ತವೆ ಸಾರ್ ಎಂದೆ. “ಬಂದ್ರೆ ಬರ್ಕೊಳ್ತೀನಿ.”

20 ಜನವರಿ

ಬರಲಿಲ್ಲ. ಕಂಡಷ್ಟನ್ನು ಬರೆದಿದ್ದರು, ಒಂದಕ್ಷರ ಸುಳ್ಳಿಲ್ಲ. ಸಹಿ ಹಾಕು ಅಂದರು. ಹಾಕಿದೆ.

21 ಜನವರಿ, ಬೆಳಿಗ್ಗೆ 9

ದೊಡ್ಡೀರಪ್ಪ ಬಂದ. ಹಿಂದೆ ಇನ್ನೂರು ಕುರಿ. ಮುಖದ ತುಂಬ ನಗು.

“ಹೆಂಗೆ? ಒಂದ್ ಮರೀನೂ ನಿನ್ ಗೇಟಿನ ತಾವ ಬಿಡ್ಲಿಲ್ಲ. ಸುತ್ತಲ ಹಟ್ಟಿಯೋರ್ಗೆಲ್ಲ ಹೇಳಿದ್ದೆ. ಸಾಹೇಬ್ರ ಮುಂದೆ ನಾವ್ ಗೇಟು ತೆಗಿ ತೆಗಿ ಅಂತ ಬಾಯಿ ಮಾಡಿದ್ರೆ ಬೈಗುಳ ತಿನ್ನೋನು ನೀನು ತಾನೆ? ಮೂರು ದಿನ ಹಳ್ಳದ ತಾವ ಕಂಬಿ ದಾಟ್ಸಿದ್ವಿ. ಎರಡು ಮೈಲಿ ಸುತ್ತು.”

ಒಂದು ತಂಬಿಗೆ ಹಾಲನ್ನೂ ತಂದಿದ್ದ. ಏನಂತ ಬೈಯಲಿ… ಗೇಟು ತೆಗೆದೆ. ಹಾಲು ಇಸಿದುಕೊಂಡೆ.

3 ಮಾರ್ಚ್, ಬುಧವಾರ

ಆರ್ಡರ್ ಬಂತು. ಹನ್ನೆರಡು ಗಂಟೆಯೇ ಖಾಯಂ. ಮಾರುತೇಶ ನನ್ನ ಜೊತೆ ಮಾತು ಬಿಟ್ಟ. ದೊಡ್ಡೀರಪ್ಪನ ಹತ್ತಿರ ಬಾಯಿಬಿಟ್ಟವನು ನಾನು ತಾನೆ.

ಜಂಬುಲಿಂಗಪ್ಪ ಅಪೀಲು ಹಾಕೋಣ ಅಂದರು, 16ರೊಳಗೆ. ಕುರಿಯವರ ಹೇಳಿಕೆ ಬೇಕು — ಆ ಮೂರು ದಿನ ಎಲ್ಲಿ ದಾಟಿದರು, ಯಾಕೆ ದಾಟಿದರು.

“ಹಳ್ಳದ ತಾವ ದಾಟಿದ್ವಿ ಅಂತ ಬರ್ಕೊಟ್ರೆ ಅವ್ರ ಮೇಲೇ ಕೇಸಾಗಲ್ವಾ?”

“ಆಗ್ಬೋದು. ಗೇಟು ಬಿಟ್ಟು ಕಂಬಿ ದಾಟೋದು ತಪ್ಪೇ. ದಂಡ, ಇಲ್ಲಾ ಜೈಲು. ಜಾಗ ಬರೀದಿದ್ರೆ ಅಪೀಲು ನಿಲ್ಲಲ್ಲ. ನೀನೇ ಯೋಚ್ನೆ ಮಾಡು.”

ಯೋಚನೆ ಮಾಡುವುದಕ್ಕೂ ನಾನೇ ಬೇಕು.

7 ಮಾರ್ಚ್, ಭಾನುವಾರ. ಮೊಳಕಾಲ್ಮೂರು

ರಜೆ. ಗೀತಾ ಮಗ್ಗದಿಂದ ಏಳಲಿಲ್ಲ. ಸೀರೆ ನಾಳೆ ಕೊಡಬೇಕಂತೆ. ಹೇಳಿಕೆಯ ವಿಷಯ, ದೊಡ್ಡೀರಪ್ಪನ ಮೇಲೆ ಕೇಸಾಗಬಹುದು ಎನ್ನುವುದು, ಎರಡೂ ಹೇಳಿದೆ.

“ಅಪ್ಪ ಯಾವಾಗ ಬರ್ತಾನೆ ಅಂತ ಮಗು ಕೇಳಾದು ಬಿಟ್ಟೈತೆ. ಬರೆಸ್ರಿ” ಅಂದಳು. ಲಾಳಿ ನಾಲ್ಕು ಸಲ ಓಡಾಡಿದ ಮೇಲೆ, “ಆ ಮನುಷ್ಯನ್ಗೆ ಎಲ್ಲಾ ಬಿಡಿಸಿ ಹೇಳಿ ಬರೆಸ್ರಿ.”

16 ಮಾರ್ಚ್, ಮಂಗಳವಾರ, ಮಧ್ಯಾಹ್ನ 3

ಕಡೇ ದಿನ. ಹೇಳಿಕೆ ನಾನೇ ಬರೆದಿಟ್ಟಿದ್ದೆ. ದೊಡ್ಡೀರಪ್ಪ ಬಂದು, “ಎಲ್ಲಿ ಒತ್ಬೇಕಪ್ಪ?” ಅಂದ.

“ಯಜಮಾನ್ರೇ, ಇದ್ರಾಗೆ ಏನೈತೆ ಅಂದ್ರೆ…”

“ನಿನ್ಗೆ ಒಳ್ಳೇದಾಗ್ತೈತೆ ತಾನೆ? ಸಾಕು ಬಿಡು.”

ಒತ್ತಿಬಿಟ್ಟ. ಹೆಬ್ಬೆರಳನ್ನು ಕಂಬಳಿಗೆ ಒರೆಸಿಕೊಂಡು ಕುರಿ ದಾಟಿಸಿಕೊಂಡು ಹೋದ. ನಾನು ಹೇಳಲಿಲ್ಲ. ಇನ್ನೊಂದು ಸಲ ಬಾಯಿ ತೆರೆದಿದ್ದರೆ ಆಗುತ್ತಿತ್ತು. ತೆರೆಯಲಿಲ್ಲ. ಥೂ.

4.50

ಕಾಗದ ಒಯ್ಯಲು ಜಂಬುಲಿಂಗಪ್ಪ 5ಕ್ಕೆ ಬರುತ್ತಾರೆ. ಐದಾರು ಸಲ ಓದಿದೆ. ಹಳ್ಳದ ತಾವ ದಾಟಿದೆವು ಎನ್ನುವ ಸಾಲು ಹೊಡೆದುಹಾಕಿದರೆ ಅಪೀಲಿಲ್ಲ. ಬಿಟ್ಟರೆ ನಾಳೆ ಪೊಲೀಸರು ಹಟ್ಟಿಗೆ ಹೋಗುತ್ತಾರೆ. ದೊಡ್ಡೀರಪ್ಪ ಅವರಿಗೂ ಹಾಲು ಕೊಡುತ್ತಾನೆ.

ಗೇಟಿನಾಚೆ ಸೈಕಲ್ ಬೆಲ್ಲು. ಅವರೇ. ಕಾಗದ ಹರಿದೆ. ಯೂನಿಯನ್ನಿಗೆ ಏನೋ ಒಂದು ಹೇಳಬಹುದು. ಮಾರುತೇಶನಿಗೂ. ಗೀತಾಳಿಗೆ ಏನಂತ—