ಸೀನು ತಡೆದುಕೊಂಡ ರಾಜ

ಸರಸ್ವತಿ ನಗರ, ದಾವಣಗೆರೆ
28-8-1986, ಗುರುವಾರ

ಪ್ರೀತಿಯ ನಸೀಮಾ,

ಹೇಗಿದ್ದೀಯೇ? ನಿನ್ನ ಅಮ್ಮನ ಮಂಡಿನೋವು ಹೇಗಿದೆ? ಹರಿಹರ ಅರ್ಧ ಗಂಟೆಯ ಬಸ್ಸಿನ ದಾರಿ, ಆದರೂ ಉತ್ತರ ಬರೆಯಲು ಮೂರು ವಾರ ಮಾಡಿದೆ. ಬೈಯಿ, ಬೈಸಿಕೊಳ್ಳುತ್ತೇನೆ. ನಿನ್ನ ತಮ್ಮ ಫಜಲುಲ್ಲಾ ನಿನ್ನೆಯೂ ಬಂದಿದ್ದ. "ಅಕ್ಕಾರ, ಪ್ರೆಸ್ಸಿನವ್ರು ಕೇಳಾಕತ್ತಾರ. ಹೂಂ ಅಂತೀರೋ, ಬ್ಯಾಡ ಅಂತೀರೋ?" ಎಂದು ಬಾಗಿಲಲ್ಲೇ ನಿಂತ. ಪತ್ರ ಬರೆಯುತ್ತೇನೆ ಅಂತ ಚಹಾ ಕೊಟ್ಟು ಕಳಿಸಿದೆ.

ನೀನು ಕೇಳಿದ್ದು ಒಂದೇ ಮಾತು. ಹಳೆಯ ಪುರಾಣವನ್ನು ತಮಾಷೆಯಾಗಿ ಹೇಳಿದ, ಅಚ್ಚಿಗೆ ಕೊಡಬೇಕೆಂದಿರುವ ನಿನ್ನ ನೋಟ್‌ಬುಕ್ಕು ಹನ್ನೊಂದು ವರ್ಷದ ಮಕ್ಕಳಿಗೆ ಸರಿಹೋಗುತ್ತದೆಯೇ, ನನ್ನ ಮಗಳು ಕಸ್ತೂರಿಗೆ ಓದಿಸಿ ಹೇಳು ಅಂತ. ಮೊದಲು ನಾನೇ ಪೆನ್ಸಿಲ್ ಹಿಡಿದು ಓದಿದೆ. ದೇವರನ್ನು ಎಲ್ಲೂ ಹಗುರ ಮಾಡಿಲ್ಲ, ನಿಜ. ಆದರೆ ಆ ತಪಸ್ಸಿನ ರಾಜ ಇದ್ದಾನಲ್ಲ, ಜಡೆಯಲ್ಲಿ ಹಕ್ಕಿ ಗೂಡು ಕಟ್ಟಿದೆ, ಸೀನಿದರೆ ಮೊಟ್ಟೆ ಉರುಳುತ್ತವೆ ಅಂತ ಮೂಗು ಹಿಡಿದು ಕೂತಿರುತ್ತಾನಲ್ಲ, ಅಲ್ಲಿ ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ಇದನ್ನು ಓದಿದ ಹುಡುಗಿಗೆ ಮುಂದೆ ಪುರಾಣ ಕೇಳುವಾಗ ಭಕ್ತಿ ಬಂದೀತೇ ಎಂಬ ಭಯವೂ ಆಯಿತು.

ಕಸ್ತೂರಿ ಎರಡೇ ದಿನದಲ್ಲಿ ಮುಗಿಸಿದಳು. "ಅಮ್ಮಾ, ರಾಜ ಪಾಪ ಒಳ್ಳೇವ್ನು. ಹಕ್ಕಿ ಸಲುವಾಗಿ ಸೀನು ತಡ್ಕಂಡಾನ" ಅಂದಳು. ನನಗೆ ಹೊಳೆಯದಿದ್ದುದು ಅವಳಿಗೆ ಹೊಳೆದಿತ್ತು. ಆವತ್ತೇ ನಿನಗೆ ಹೂಂ ಎಂದು ಬರೆಯಬೇಕಿತ್ತು. ಇನ್ನೊಮ್ಮೆ ನೋಡೋಣ, ಇನ್ನೊಮ್ಮೆ ನೋಡೋಣ ಅಂತ ತಡ ಮಾಡಿದೆ.

ನನ್ನ ದಡ್ಡತನ ನೋಡು. ಶ್ರಾವಣ ಪೂರ್ತಿ ನಮ್ಮ ಮನೆಯಲ್ಲಿ ಅದೇ ಪುರಾಣ ಓದುತ್ತಾರೆ. ಮಾವ ಬಕ್ಕೇಶಪ್ಪನವರೇ ರಾಗವಾಗಿ ಪದ್ಯ ಹಾಡಿ ಅರ್ಥ ಹೇಳುತ್ತಾರೆ, ಓಣಿಯವರೆಲ್ಲ ಕೈಮುಗಿದು ಕೂಡುತ್ತಾರೆ. ಇದು ಗೊತ್ತಿದ್ದೂ ಈ ತಿಂಗಳೇ ಮಗಳ ಕೈಗೆ ನೋಟ್‌ಬುಕ್ ಕೊಟ್ಟೆ. ಮೊನ್ನೆ ಸೋಮವಾರ ಸಂಜೆ ಆ ರಾಜನ ಅಧ್ಯಾಯ ಬಂತು. "ಜಡೆಯಾಗ ಹಕ್ಕಿ ಗೂಡು ಕಟ್ಟಿದ್ರೂ ರಾಜ ಅಲುಗಾಡ್ಲಿಲ್ಲ" ಎಂದು ಮಾವ ಕಣ್ಣು ಮುಚ್ಚಿ ನಿಲ್ಲಿಸಿದರು. ಆಗ ಧೂಪದ ಹೊಗೆಗೆ ಪಕ್ಕದ ಮನೆಯ ಕರಿಬಸವರಾಜ ಸೀನಿದ ನೋಡು! ಹೆಂಗಸರ ಸಾಲಿನಿಂದ ಕಿಸಕ್ಕನೆ ನಗು ಬಂತು.

ಮಾವ ಪುಸ್ತಕ ಮುಚ್ಚಿದರು. "ಯಾರದು ನಕ್ಕಿದ್ದು?"

ಕಸ್ತೂರಿ ಎದ್ದು ನಿಂತಳು. "ನಾನು, ತಾತ."

"ಪುರಾಣ ಅಂದ್ರ ನಾಟಕ ಕಂಪನಿ ಅಂತ ತಿಳ್ದೀಯೇನು? ಈ ಸಲ ನೀ ಪುಸ್ತಕ ಹೊರೂದು ಬ್ಯಾಡ."

ಓದು ಮುಗಿಯುವ ದಿನ ಪುರಾಣದ ಪುಸ್ತಕವನ್ನು ತಲೆಯ ಮೇಲೆ ಹೊತ್ತು ಓಣಿ ಸುತ್ತುವುದು ನಮ್ಮಲ್ಲಿ ಪದ್ಧತಿ. ಈ ವರ್ಷ ಕಸ್ತೂರಿಯ ಪಾಳಿ. ತಿಂಗಳಿಂದ ತಲೆಯ ಮೇಲೆ ಮಣೆ ಇಟ್ಟುಕೊಂಡು ಹಿತ್ತಲಲ್ಲಿ ನಡೆದಾಡಿ ರೂಢಿ ಮಾಡಿಕೊಂಡಿದ್ದಳು. ಬರುವ ಸೋಮವಾರವೇ ಆ ದಿನ. ಈಗ ಬೇರೆ ಹುಡುಗಿಯನ್ನು ಗೊತ್ತು ಮಾಡಿದ್ದಾರೆ. ನನ್ನ ಮಗಳು ಅಳಲೂ ಇಲ್ಲ, ಅದೇ ನನಗೆ ಸಂಕಟ.

ಆದ್ದರಿಂದ ಕೈ ಓಡುತ್ತಿಲ್ಲ ಕಣೇ. ಹೂಂ ಅಂದರೆ ಇನ್ನೆಷ್ಟು ಮನೆಗಳಲ್ಲಿ ಮಕ್ಕಳು ಹೀಗೆ ಎದ್ದು ನಿಲ್ಲಬೇಕೋ? ಬೇಡ ಅಂದರೆ ನಿನ್ನ ಒಂದು ವರ್ಷದ ಶ್ರಮ ಟ್ರಂಕು ಸೇರುತ್ತದೆ. ನಿನ್ನ ಹೆಸರು ನೋಡಿ ಯಾರಾದರೂ "ಇವ್ರಿಗ್ಯಾಕ ನಮ್ಮ ಪುರಾಣ" ಅಂದಾರು ಎಂಬ ದಿಗಿಲು ಬೇರೆ. ಮಾವ ನೋಟ್‌ಬುಕ್ ಇನ್ನೂ ನೋಡಿಲ್ಲ. ಅಕ್ಕಿ ಡಬ್ಬಿಯ ಹಿಂದೆ ಇಟ್ಟಿದ್ದೇನೆ.

ಪ್ರೆಸ್ಸಿನವರಿಗೆ ಮಂಗಳವಾರದ ತನಕ ತಾಳಿ ಅನ್ನು. ಅಮ್ಮನ ನೋವು ಇಳಿಯಲಿ, ನಿನ್ನ ಕೈ ಹೀಗೇ ಬರೆಯುತ್ತಿರಲಿ, ನಿಮ್ಮ ಮನೆಯಲ್ಲಿ ಸದಾ ನಗು ಇರಲಿ.

ನಿನ್ನ
ಉಮಾಮಹೇಶ್ವರಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಸೋಮವಾರ ನಕ್ಕವಳು ಕಸ್ತೂರಿ ಅಲ್ಲ, ನಾನು. ಮಾವ ಕೇಳಿದಾಗ ಸೆರಗು ಬಾಯಿಗೆ ಹಿಡಿದು ತಲೆ ತಗ್ಗಿಸಿದೆ. ಅವಳು ನನ್ನ ಮುಖ ನೋಡಿ ಎದ್ದು ನಿಂತಳು. ಮೂರು ದಿನದಿಂದ ಮಾವನ ಕೋಣೆಯ ಬಾಗಿಲ ತನಕ ಹೋಗಿ ಹೋಗಿ ವಾಪಸ್ ಬರುತ್ತಿದ್ದೇನೆ. ಈಗ ನಾನು ಬರೆಯುವುದನ್ನು ನೋಡಿ ಅವಳು ಪಕ್ಕಕ್ಕೆ ಬಂದು ಅಂದಳು: "ಬುಕ್ ಚಲೋ ಐತೆ ಅಂತ ನಸೀಮಾ ಟೀಚರಿಗೆ ಬರಿಯಮ್ಮ. ನೀ ನಕ್ಕಿದ್ದು ನಾ ಯಾರಿಗೂ ಹೇಳಲ್ಲ."